ಎರಡನೆಯ ಒಡೆಯನ ಲೆಕ್ಕಾಚಾರ: ಬಳಸಿದ ಕೂಪೆ ಮತ್ತು ಕನ್ವರ್ಟಿಬಲ್ ಕಾರುಗಳ ಸುಖ, ಮೌಲ್ಯ

ಹೊಸ ಸರಕಿನ ಬೆಲೆಯನ್ನು ತಯಾರಕ ನಿಗದಿಪಡಿಸುತ್ತಾನೆ. ಹಳೆಯ ಸರಕಿನ ಬೆಲೆಯನ್ನು ಕೊಳ್ಳುವವನ ತಿಳಿವಳಿಕೆ ನಿಗದಿಪಡಿಸುತ್ತದೆ. ವ್ಯಾಪಾರದ ಈ ಹಳೆಯ ಅನುಭವಕ್ಕೆ ಅಮೆರಿಕದ ಬಳಸಿದ ಕಾರುಗಳ ಮಾರುಕಟ್ಟೆಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಆ ದೇಶದಲ್ಲಿ ಪ್ರತಿವರ್ಷ ಮಾರಾಟವಾಗುವ ಹೊಸ ಕಾರುಗಳ ಎರಡು ಪಟ್ಟಿಗೂ ಹೆಚ್ಚು ಬಳಸಿದ ಕಾರುಗಳು ಕೈ ಬದಲಾಯಿಸುತ್ತವೆ. ಇಂತಹ ಬೃಹತ್ ವಹಿವಾಟಿಗೆ ದರದ ಮಾರ್ಗದರ್ಶಿಯಾಗಿ 1926ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಕೆಲ್ಲಿ ಬ್ಲೂ ಬುಕ್ ಇಂದಿಗೂ ಬಳಕೆಯಲ್ಲಿದೆ. ಕಾರಿನ ಮಾದರಿ, ತಯಾರಾದ ವರ್ಷ, ಓಡಿದ ಮೈಲಿ ಇವಿಷ್ಟನ್ನು ತಿಳಿಸಿದರೆ ಅಂದಾಜು ದರ ದೊರೆಯುತ್ತದೆ. ಸಾಧಾರಣ ನಾಲ್ಕು ಬಾಗಿಲಿನ ಸೆಡಾನ್ ಕಾರಿನ ಮಟ್ಟಿಗೆ ಈ ಅಂದಾಜು ಬಹುತೇಕ ಸಮರ್ಪಕವೆನ್ನಬಹುದು. ಆದರೆ ಎರಡು ಬಾಗಿಲಿನ, ಮಧ್ಯಮ ಗಾತ್ರದ ಕೂಪೆ ಹಾಗೂ ಮಡಚುವ ಛಾವಣಿಯ ಕನ್ವರ್ಟಿಬಲ್ ಕಾರುಗಳ ವಿಷಯದಲ್ಲಿ ಇದೇ ಅಂದಾಜು ಕೊಳ್ಳುವವರ ದಾರಿ ತಪ್ಪಿಸುವ ಸಂಭವವುಂಟು. ಅದಕ್ಕೆ ಕಾರಣವನ್ನು ಅರಿತವರಿಗೆ ಈ ವರ್ಗದಲ್ಲಿ ಒಳ್ಳೆಯ ಲಾಭ. ಅರಿಯದವರಿಗೆ ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಪಾಡು.

ಬಳಸಿದ ಕಾರಿನ ವ್ಯಾಪಾರದಲ್ಲಿ ಮಾರುವವನಿಗೆ ತಿಳಿದಿರುವಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಈ ಅಸಮತೆಯು ಇಡೀ ಮಾರುಕಟ್ಟೆಯ ಮೇಲೆ ಬೀರುವ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವಿವರಿಸಿದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನು ಗುರುತಿಸಲಾರದಿದ್ದರೆ ಎರಡಕ್ಕೂ ನಡುವಣ ದರವನ್ನೇ ಹೇಳುತ್ತಾನೆ. ಆ ದರಕ್ಕೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ತತ್ಪರಿಣಾಮವಾಗಿ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ ಎಂಬುದು ಅದರ ಸಾರಾಂಶ. ಈ ಚಿಂತನೆಗಾಗಿ ಅಕರ್ಲಾಫ್ ಅವರು ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ 2001ರ ನೊಬೆಲ್ ಅರ್ಥಶಾಸ್ತ್ರ ಪ್ರಶಸ್ತಿಯನ್ನು ಹಂಚಿಕೊಂಡರು. ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಜ್ಞಾನವೇ ಇಲ್ಲಿ ಕೊಳ್ಳುವವನ ಬಂಡವಾಳ. ಕೂಪೆ ಮತ್ತು ಕನ್ವರ್ಟಿಬಲ್ ವರ್ಗದಲ್ಲಿ ಆ ಜ್ಞಾನವು ಎಂಜಿನ್ನಿನಿಂದಲ್ಲ, ಛಾವಣಿಯಿಂದ ಆರಂಭವಾಗಬೇಕೆಂಬುದು ಗಮನಾರ್ಹ.

ಒಂದು ವರ್ಗದ ಏಳುಬೀಳು

ಮಧ್ಯಮ ಗಾತ್ರದ ಕೂಪೆಯೆಂದರೆ ಸಾಮಾನ್ಯವಾಗಿ ಜನಪ್ರಿಯ ಸೆಡಾನ್ ಒಂದರ ಅಡಿಗಟ್ಟು, ಎಂಜಿನ್ನುಗಳನ್ನೇ ಬಳಸಿ ಎರಡು ಬಾಗಿಲಿನ ಒಡಲು ತೊಡಿಸಿದ ಕಾರು. ಅದರ ಛಾವಣಿಯನ್ನು ಮಡಚುವಂತೆ ಮಾಡಿದರೆ ಕನ್ವರ್ಟಿಬಲ್. ಕ್ರೀಡಾ ಕಾರಿನ ವೇಗ ಇವುಗಳ ಉದ್ದೇಶವಲ್ಲ. ಇಬ್ಬರು ಸುಖವಾಗಿ, ಅಗತ್ಯವಿದ್ದಾಗ ನಾಲ್ವರು ಹೊಂದಿಕೊಂಡು ಪ್ರಯಾಣಿಸುವುದು ಉದ್ದೇಶ.

ಹೋಂಡಾ ಕಂಪನಿಯು ಅಕಾರ್ಡ್ ಕೂಪೆಯನ್ನು 1988ರ ಮಾದರಿಯಾಗಿ ಹೊರತಂದಿತು. ಓಹಾಯೊ ರಾಜ್ಯದ ಮೇರಿಸ್‌ವಿಲ್ ಕಾರ್ಖಾನೆಯಲ್ಲಿ ತಯಾರಾದ ಈ ಕಾರನ್ನು ಅದೇ ವರ್ಷ ಜಪಾನಿಗೆ ರಫ್ತು ಮಾಡಲಾಯಿತು. ಜಪಾನೀ ಕಂಪನಿಯ ಅಮೆರಿಕನ್ ಕಾರು ಜಪಾನಿನ ಬಂದರಿಗೆ ಇಳಿದದ್ದು ಅಂದಿನ ವಾಣಿಜ್ಯ ವಲಯದಲ್ಲಿ ದೊಡ್ಡ ಸುದ್ದಿ. ಕ್ರೈಸ್ಲರ್ ಸೆಬ್ರಿಂಗ್ ಕನ್ವರ್ಟಿಬಲ್ 1996ರ ಮಾದರಿಯಾಗಿ ಬಂದಿತು. 2011ರಲ್ಲಿ ಅದರ ಹೆಸರು ಕ್ರೈಸ್ಲರ್ 200 ಎಂದು ಬದಲಾಗಿ, 2014ರಲ್ಲಿ ಕನ್ವರ್ಟಿಬಲ್ ನಿಂತುಹೋಯಿತು. ಟೊಯೋಟಾ ಕಂಪನಿಯು ತನ್ನ ಕ್ಯಾಮ್ರಿ ಸೆಡಾನಿನ ಆಧಾರದ ಮೇಲೆ ಕ್ಯಾಮ್ರಿ ಸೊಲಾರಾ ಎಂಬ ಕೂಪೆಯನ್ನು 1999ರ ಮಾದರಿಯಾಗಿಯೂ, ಅದರ ಕನ್ವರ್ಟಿಬಲ್ ರೂಪವನ್ನು 2000ದ ಮಾದರಿಯಾಗಿಯೂ ಪರಿಚಯಿಸಿತು. 2004ರ ಮಾದರಿಯಿಂದ ಎರಡನೆಯ ಪೀಳಿಗೆ ಬಂದು 2008ರ ಮಾದರಿಯೊಡನೆ ಕೊನೆಗೊಂಡಿತು. ಪಾಂಟಿಯಾಕ್ ಜಿ6 ಕನ್ವರ್ಟಿಬಲ್, ಪೋರ್ಚುಗಲ್ಲಿನಲ್ಲಿ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಇಯೊಸ್, ನಿಸಾನ್ ಆಲ್ಟಿಮಾ ಕೂಪೆ ಇವೂ ಒಂದೊಂದಾಗಿ ಮರೆಯಾದವು. ಅಕಾರ್ಡ್ ಕೂಪೆಯ ಕೊನೆಯ ಮಾದರಿ 2017ರದು.

ಕುಟುಂಬಗಳು ಎತ್ತರದ ಎಸ್‌ಯುವಿ ಕಾರುಗಳತ್ತ ಹೊರಳಿದ್ದು, ಹಿಂಬದಿಯಲ್ಲಿ ಮಕ್ಕಳ ಆಸನ ಕಟ್ಟುವವರಿಗೆ ನಾಲ್ಕು ಬಾಗಿಲು ಅನಿವಾರ್ಯವೆನಿಸಿದ್ದು, ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುವ ಒಡಲಿಗೆ ಪ್ರತ್ಯೇಕ ಅಚ್ಚು ಮಾಡಿಸುವುದು ತಯಾರಕರಿಗೆ ಭಾರವಾದದ್ದು ಇದಕ್ಕೆ ಕಾರಣಗಳು. ಇಂದು ಹೊಸ ಕಾರುಗಳಲ್ಲಿ ಈ ಸ್ವರೂಪವು ಮರ್ಸಿಡಿಸ್ ಬೆಂಜ್ ಸಿಎಲ್‌ಇ, ಬಿಎಂಡಬ್ಲ್ಯು 4 ಸರಣಿಯಂತಹ ದುಬಾರಿ ಕಾರುಗಳಲ್ಲಿಯೂ, ಫೋರ್ಡ್ ಮಸ್ಟಾಂಗ್‌ನಂತಹ ಕ್ರೀಡಾ ಸ್ವಭಾವದ ಕಾರಿನಲ್ಲಿಯೂ ಉಳಿದಿದೆ. ಸಾಧಾರಣ ಆದಾಯದವರಿಗೆ ನಿಲುಕುವ, ನಾಲ್ವರು ಕೂರಬಲ್ಲ ಸುಖಪ್ರಯಾಣದ ಕನ್ವರ್ಟಿಬಲ್ ಬೇಕೆಂದರೆ ಬಳಸಿದ ಕಾರುಗಳ ಅಂಗಳಕ್ಕೇ ಹೋಗಬೇಕು.

ವಿರಳತೆಯೇ ಮೌಲ್ಯವಲ್ಲ

ತಯಾರಿಕೆ ನಿಂತ ಸರಕಿಗೆ ಮುಂದೆ ಬೆಲೆ ಏರುತ್ತದೆಂಬ ಆಸೆ ಸಹಜ. ಮಾರುವವರೂ ಈ ಆಸೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಇದಕ್ಕೆ ಅಮೆರಿಕದ ವಾಹನ ಚರಿತ್ರೆಯಲ್ಲಿಯೇ ಒಂದು ಎಚ್ಚರಿಕೆಯ ಪಾಠವುಂಟು. 1970ರ ದಶಕದಲ್ಲಿ, ಕಾರು ಮಗುಚಿದಾಗಿನ ಸುರಕ್ಷತೆಗೆ ಸಂಬಂಧಿಸಿದ ಕಠಿಣ ನಿಯಮಗಳು ಬರಲಿವೆಯೆಂಬ ಭೀತಿ ಮತ್ತು ಕುಸಿಯುತ್ತಿದ್ದ ಬೇಡಿಕೆಗಳಿಂದಾಗಿ ತಯಾರಕರು ಕನ್ವರ್ಟಿಬಲ್‌ಗಳನ್ನು ಕೈಬಿಡತೊಡಗಿದರು. 1976ರ ಕ್ಯಾಡಿಲಾಕ್ ಎಲ್ಡೊರಾಡೊ ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಪ್ರಚಾರವಾಯಿತು. ಸುಮಾರು 14,000 ಕಾರುಗಳು ತಯಾರಾದವು. ಕೊನೆಯ 200 ಕಾರುಗಳನ್ನು ಸ್ಮರಣಾರ್ಥವಾಗಿ ಒಂದೇ ಬಗೆಯ ಬಿಳಿ ಬಣ್ಣದಲ್ಲಿ ಹೊರತರಲಾಯಿತು. ಮುಂದೆ ಬಂಗಾರದ ಬೆಲೆ ಬರುವುದೆಂದು ನಂಬಿದ ಅನೇಕರು ಅವನ್ನು ನಮೂದಿತ ದರಕ್ಕಿಂತ ಹೆಚ್ಚು ಕೊಟ್ಟು ಕೊಂಡು ಷೆಡ್ಡಿನಲ್ಲಿಟ್ಟರು.

ಆದರೆ 1982ರಲ್ಲಿ, ಲೀ ಅಯಾಕೋಕಾ ಅವರ ನೇತೃತ್ವದಲ್ಲಿದ್ದ ಕ್ರೈಸ್ಲರ್ ಕಂಪನಿಯು ಲೆಬ್ಯಾರನ್ ಕನ್ವರ್ಟಿಬಲ್ ಕಾರನ್ನು ಮಾರುಕಟ್ಟೆಗೆ ತಂದಿತು. 1984ರಲ್ಲಿ ಕ್ಯಾಡಿಲಾಕ್ ಕಂಪನಿಯೇ ಮತ್ತೆ ಎಲ್ಡೊರಾಡೊ ಕನ್ವರ್ಟಿಬಲ್ ಹೊರತಂದಾಗ, ಕೊನೆಯದೆಂದು ನಂಬಿ ಕೊಂಡವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಸರಕು ವಿರಳವಾದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಅದನ್ನು ಬಯಸುವವರ ಸಂಖ್ಯೆ ಉಳಿದಿರಬೇಕು. ಸೊಲಾರಾ, ಸೆಬ್ರಿಂಗ್‌ಗಳಂತಹ ಕಾರುಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಬಳಕೆಯ ವಾಹನಗಳೇ ಹೊರತು ಸಂಗ್ರಹಯೋಗ್ಯ ವಸ್ತುಗಳಲ್ಲ. ಇವುಗಳನ್ನು ಸವಕಳಿಯಾಗುತ್ತಲೇ ಹೋಗುವ ಆಸ್ತಿಯೆಂದೇ ಲೆಕ್ಕದಲ್ಲಿ ಹಿಡಿಯಬೇಕು.

ಒಂದು ಕಾರು, ಎರಡು ಸರಕು

ಈ ವರ್ಗದ ಕಾರನ್ನು ತೂಗಿನೋಡುವ ವಿಧಾನವನ್ನು ಎರಡನೆಯ ಪೀಳಿಗೆಯ ಸೊಲಾರಾ ಕನ್ವರ್ಟಿಬಲ್ ಮೂಲಕ ತಿಳಿಯುವುದು ಸುಲಭ. ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಕಾರ್ಖಾನೆಯಲ್ಲಿ ತಯಾರಾದ ಈ ಕಾರಿನ 3.3 ಲೀಟರ್ ಸಾಮರ್ಥ್ಯದ 6 ಸಿಲಿಂಡರ್ ಎಂಜಿನ್ ಅದೇ ಕಾಲದ ಕ್ಯಾಮ್ರಿಯಲ್ಲಿಯೂ ದೊರೆಯುತ್ತಿತ್ತು. ಎರಡು ಚಕ್ರದಚ್ಚುಗಳ ನಡುವಣ ಅಂತರ ಕೂಡ ಕ್ಯಾಮ್ರಿಯಷ್ಟೇ, 2,720 ಮಿ.ಮೀ. ಕ್ಯಾಮ್ರಿಯು ಅಮೆರಿಕದ ಅತಿ ಹೆಚ್ಚು ಮಾರಾಟವಾದ ಸೆಡಾನ್‌ಗಳಲ್ಲೊಂದು. ಆದುದರಿಂದ ಎಂಜಿನ್, ಗೇರುಪೆಟ್ಟಿಗೆ, ಬ್ರೇಕುಗಳಿಗೆ ಸಂಬಂಧಿಸಿದ ಬಿಡಿಭಾಗಗಳಿಗೆ ಕೊರತೆಯಿಲ್ಲ. ಊರೂರಿನ ಮೆಕ್ಯಾನಿಕ್‌ಗಳಿಗೂ ಅದರ ಪರಿಚಯವುಂಟು.

ಆದರೆ ಛಾವಣಿಯ ಬಟ್ಟೆ, ಅದನ್ನು ಎತ್ತಿ ಮಡಚುವ ಮೋಟಾರು ಹಾಗೂ ಹೈಡ್ರಾಲಿಕ್ ದಂಡಗಳು, ಬಾಗಿಲ ಗಾಜಿಗೂ ಛಾವಣಿಗೂ ನಡುವೆ ನೀರು ತಡೆಯುವ ರಬ್ಬರು ಪಟ್ಟಿ, ಉದ್ದನೆಯ ಬಾಗಿಲು, ಹಿಂಬದಿಯ ಗಾಜು ಇವ್ಯಾವುವೂ ಕ್ಯಾಮ್ರಿಯದಲ್ಲ. ತಯಾರಿಕೆ ನಿಂತು ಹದಿನೈದು ವರ್ಷಗಳಿಗೂ ಹೆಚ್ಚು ಕಾಲವಾಗಿರುವ ಒಡಲಿಗೆ ಇವನ್ನು ಹುಡುಕಿ ತರುವುದು ಪ್ರತಿವರ್ಷ ಕಠಿಣವಾಗುತ್ತಿದೆ. ಹೀಗೆ ಒಂದೇ ಕಾರಿನಲ್ಲಿ ಎರಡು ಸರಕುಗಳಿವೆ: ಎಲ್ಲೆಡೆ ದೊರೆಯುವ, ಬಾಳಿಕೆಯ ಯಂತ್ರ ಒಂದು; ಎಲ್ಲಿಯೂ ಸುಲಭವಾಗಿ ದೊರೆಯದ ಒಡಲು ಇನ್ನೊಂದು. ದರದ ಮಾರ್ಗದರ್ಶಿಗಳು ಮೈಲಿಯ ಲೆಕ್ಕದಿಂದ ಅಳೆಯುವುದು ಮೊದಲನೆಯದನ್ನು. ಹಣ ಮುಳುಗುವ ಸಂಭವವಿರುವುದು ಎರಡನೆಯದರಲ್ಲಿ. ದರ ತಪ್ಪಾಗುವುದಕ್ಕೆ ಇದೇ ಮೂಲ.

ಈ ತತ್ತ್ವವನ್ನು ಇತರ ಮಾದರಿಗಳಿಗೂ ಅನ್ವಯಿಸಬಹುದು. ಪಾಂಟಿಯಾಕ್ ಜಿ6 ಕನ್ವರ್ಟಿಬಲ್ ಲೋಹದ ಮಡಚುವ ಛಾವಣಿಯುಳ್ಳ ಕಾರು. 2010ರಲ್ಲಿ ಪಾಂಟಿಯಾಕ್ ಎಂಬ ಹೆಸರನ್ನೇ ಜನರಲ್ ಮೋಟಾರ್ಸ್ ಕೈಬಿಟ್ಟಿತು. ಇಯೊಸ್ ಕಾರಿನ ಛಾವಣಿಯು ಐದು ಭಾಗಗಳಾಗಿ ಮಡಚಿಕೊಳ್ಳುವ, ನಡುವೆ ಸರಿಯುವ ಗಾಜಿನ ಕಿಂಡಿಯನ್ನೂ ಹೊಂದಿರುವ ಜಾಣ್ಮೆಯ ರಚನೆ. ಅದರ ರಬ್ಬರು ಪಟ್ಟಿಗಳಿಗೆ ಕಾಲಕಾಲಕ್ಕೆ ಲೇಪನ ಹಚ್ಚಿ ಪೋಷಿಸದಿದ್ದರೆ ನೀರು ಸೋರುತ್ತದೆ. ಲೋಹದ ಛಾವಣಿಯಿಂದ ಗದ್ದಲ ಕಡಿಮೆ, ಕಳ್ಳರ ಭಯವೂ ಕಡಿಮೆ. ಆದರೆ ಚಲಿಸುವ ಭಾಗಗಳು ಹೆಚ್ಚಿದಷ್ಟೂ ಕೆಡುವ ಭಾಗಗಳೂ ಹೆಚ್ಚು. ಸೆಬ್ರಿಂಗ್ ಕನ್ವರ್ಟಿಬಲ್ ಬೆಲೆಯಲ್ಲಿ ಸೊಲಾರಾಗಿಂತ ಸಾಮಾನ್ಯವಾಗಿ ಅಗ್ಗ. ಆದರೆ ಪ್ರವಾಸಿ ತಾಣಗಳ ಬಾಡಿಗೆ ಕಂಪನಿಗಳು ಇದನ್ನು ಬಹಳವಾಗಿ ಬಳಸಿದ್ದರಿಂದ, ಛಾವಣಿಯನ್ನು ನೂರಾರು ಅಪರಿಚಿತ ಕೈಗಳು ಎಳೆದಾಡಿರುವ ಸಾಧ್ಯತೆಯನ್ನು ಮರೆಯಲಾಗದು. ಇವೆಲ್ಲಕ್ಕೂ ಹೋಲಿಸಿದರೆ ಅಕಾರ್ಡ್ ಕೂಪೆಯಂತಹ ಸ್ಥಿರ ಛಾವಣಿಯ ಕಾರಿನಲ್ಲಿ ಅಪಾಯ ತೀರ ಕಡಿಮೆ. ತೆರೆದ ಆಕಾಶದ ಹಂಬಲವಿಲ್ಲದವರಿಗೆ ಕೂಪೆಯೇ ಹೆಚ್ಚು ಮೌಲ್ಯದ ಖರೀದಿ.

ಮೊದಲು ಛಾವಣಿ, ಆಮೇಲೆ ಎಂಜಿನ್

ಪರೀಕ್ಷೆಯ ಕ್ರಮ ಹೀಗಿರಬೇಕು. ಛಾವಣಿಯನ್ನು ಕನಿಷ್ಠ ಎರಡು ಬಾರಿ ಪೂರ್ತಿ ತೆರೆದು ಮುಚ್ಚಿಸಬೇಕು. ಚಲನೆ ಸರಾಗವಾಗಿದೆಯೇ, ಎರಡೂ ಬದಿ ಸಮನಾಗಿ ಏಳುತ್ತವೆಯೇ, ನಡುವೆ ಮೋಟಾರು ತಿಣುಕುತ್ತದೆಯೇ ಎಂಬುದನ್ನು ಗಮನಿಸಬೇಕು. ‘ಬ್ಯಾಟರಿ ಇಳಿದಿದೆ, ಆಮೇಲೆ ತೋರಿಸುತ್ತೇನೆ’ ಎಂಬ ಉತ್ತರ ಬಂದರೆ ಆಮೇಲೆಯೇ ಬರುವುದು ಲೇಸು. ಡಿಕ್ಕಿಯ ಒಳಪದರವನ್ನು ಸರಿಸಿ ಹೈಡ್ರಾಲಿಕ್ ಎಣ್ಣೆಯ ಜಿಡ್ಡು ಇದೆಯೇ ಎಂದು ನೋಡಬೇಕು. ಬಟ್ಟೆಯ ಛಾವಣಿಯಲ್ಲಿ ಹಿಂಬದಿಯ ಗಾಜು ಬಟ್ಟೆಗೆ ಅಂಟಿಕೊಂಡಿರುವ ಅಂಚನ್ನು ಬೆರಳಿನಿಂದ ಸವರಬೇಕು. ಅಲ್ಲಿ ಅಂಟು ಬಿಟ್ಟಿದ್ದರೆ ಸಾಮಾನ್ಯವಾಗಿ ಇಡೀ ಬಟ್ಟೆಯನ್ನು ಬದಲಾಯಿಸಬೇಕಾದ ಖರ್ಚು ಬರುತ್ತದೆ.

ಎರಡನೆಯದು ನೀರು. ಮುಂಭಾಗದ ನೆಲಹಾಸನ್ನು ಎತ್ತಿ ಅಡಿಯ ಮೆತ್ತೆಯನ್ನು ಒತ್ತಿ ನೋಡಬೇಕು. ಮಳೆಯ ನೀರು ಹರಿದುಹೋಗಲು ಛಾವಣಿಯ ಅಂಚಿನಲ್ಲಿರುವ ಸಣ್ಣ ನಾಳಗಳು ಎಲೆ, ಧೂಳುಗಳಿಂದ ಕಟ್ಟಿಕೊಂಡರೆ ನೀರು ಕಾರಿನೊಳಕ್ಕೆ ಇಳಿಯುತ್ತದೆ. ಆಸನದ ಕೆಳಗಿನ ವಿದ್ಯುತ್ ತಂತಿಗಳ ಜೋಡಣೆಗೆ ಅದು ತಲುಪಿದರೆ ಉಂಟಾಗುವ ದೋಷಗಳಿಗೆ ಕೊನೆಯಿಲ್ಲ. ಕಾರಿನೊಳಗೆ ಮುಗ್ಗಲು ವಾಸನೆಯಿದ್ದರೆ ಅನುಮಾನ ಪಡಬೇಕು. ಸುಗಂಧದ್ರವ್ಯದ ವಾಸನೆ ಅತಿಯಾಗಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಕಾರಿಗೆ ನೀರು ಹಾಯಿಸಿ ತೊಳೆಯುವ ಕಡೆಗೆ ಒಮ್ಮೆ ಕೊಂಡೊಯ್ಯಲು ಅನುಮತಿ ಕೇಳುವುದು ನ್ಯಾಯವಾದ ಕೋರಿಕೆ.

ಮೂರನೆಯದು ತುಕ್ಕು. ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಅದು ಕಾರಿನ ಅಡಿಭಾಗವನ್ನು ತಿನ್ನುತ್ತದೆ. ಛಾವಣಿಯ ಬಲವಿಲ್ಲದ ಕನ್ವರ್ಟಿಬಲ್‌ಗೆ ಅಡಿಗಟ್ಟೇ ಆಧಾರವಾದ್ದರಿಂದ ಅಲ್ಲಿನ ತುಕ್ಕು ಸೆಡಾನಿಗಿಂತ ಇದಕ್ಕೆ ಹೆಚ್ಚು ಅಪಾಯಕರ. ಅರಿಝೋನಾದಂತಹ ಒಣ ನಾಡಿನ ಕಾರುಗಳಲ್ಲಿ ತುಕ್ಕಿನ ಭಯ ಕಡಿಮೆಯಿದ್ದರೂ ಬಿಸಿಲಿಗೆ ಬಟ್ಟೆ, ರಬ್ಬರು, ಡ್ಯಾಶ್‌ಬೋರ್ಡ್‌ಗಳು ಒಣಗಿ ಬಿರಿದಿರುತ್ತವೆ.

ಇಷ್ಟಾದ ಮೇಲೆ ಎಂಜಿನ್. ಸೊಲಾರಾದ 3.3 ಲೀಟರ್ ಎಂಜಿನ್ ಟೈಮಿಂಗ್ ಬೆಲ್ಟ್ ಉಳ್ಳದ್ದು. 90,000 ಮೈಲಿಗೆ, ಅಂದರೆ ಸುಮಾರು 1.45 ಲಕ್ಷ ಕಿ.ಮೀ.ಗೆ, ಅದನ್ನು ಬದಲಿಸುವುದು ವಾಡಿಕೆ. ಅದರೊಡನೆಯೇ ನೀರಿನ ಪಂಪನ್ನೂ ಬದಲಿಸುತ್ತಾರೆ. ಇದು ನಡೆದಿರುವುದಕ್ಕೆ ರಸೀದಿ ಇಲ್ಲದಿದ್ದರೆ ನಡೆದಿಲ್ಲವೆಂದೇ ಎಣಿಸಿ ಆ ಖರ್ಚನ್ನು ದರದಲ್ಲಿ ಕಳೆಯಬೇಕು. 1997ರಿಂದ 2002ರವರೆಗಿನ ಟೊಯೋಟಾದ ಕೆಲವು ಎಂಜಿನ್‌ಗಳಲ್ಲಿ ಎಣ್ಣೆ ಕೆಸರಿನಂತೆ ಗಟ್ಟಿಯಾಗುವ ದೂರುಗಳು ಬಂದು, ಕಂಪನಿಯು ಅದಕ್ಕೆ ವಿಶೇಷ ದುರಸ್ತಿ ಯೋಜನೆಯನ್ನು ಜಾರಿಗೊಳಿಸಬೇಕಾಯಿತು. ಆದುದರಿಂದ ಮೊದಲ ಪೀಳಿಗೆಯ ಸೊಲಾರಾ ಕೊಳ್ಳುವವರು ಎಣ್ಣೆ ಬದಲಿಸಿದ ದಾಖಲೆಗಳನ್ನು ಕೇಳಿ ಪಡೆಯುವುದು ಅವಶ್ಯಕ. ಕೊನೆಯದಾಗಿ, ಮಾರುವವನಿಗೆ ಸಂಬಂಧಿಸದ ಸ್ವತಂತ್ರ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಬೇಕು. ಆ ಶುಲ್ಕ ಕಾರಿನ ಬೆಲೆಯ ಮುಂದೆ ಅತ್ಯಲ್ಪ. ತಪಾಸಣೆಗೆ ಒಪ್ಪದ ಮಾರಾಟಗಾರ ತಪಾಸಣೆಯ ಫಲಿತಾಂಶವನ್ನು ತಾನೇ ಹೇಳಿದಂತೆ.

ಸುಖದ ಅಳತೆ

ಸುಖವೆಂಬುದು ಅವರವರ ಅಭಿರುಚಿಗೆ ಬಿಟ್ಟದ್ದೆಂಬ ಮಾತು ಅರ್ಧ ಸತ್ಯ. ಅದನ್ನೂ ಅಳೆಯಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಪ್ರಯಾಣಿಕರ ಸ್ಥಳ ಮತ್ತು ಡಿಕ್ಕಿ ಎರಡೂ ಸೇರಿ 110ರಿಂದ 120 ಘನ ಅಡಿಯೊಳಗಿರುವ ಕಾರನ್ನು ಮಧ್ಯಮ ಗಾತ್ರದ್ದೆಂದು ವರ್ಗೀಕರಿಸುತ್ತದೆ. ಹೊರನೋಟಕ್ಕೆ ಮಧ್ಯಮ ಗಾತ್ರದ್ದಾದ ಕನ್ವರ್ಟಿಬಲ್, ಮಡಚಿದ ಛಾವಣಿಗೆ ಜಾಗ ಬಿಟ್ಟುಕೊಡಬೇಕಾದ್ದರಿಂದ, ಒಳಗೆ ಅದಕ್ಕಿಂತ ಸಣ್ಣದಾಗಿರುತ್ತದೆ. ಆದ್ದರಿಂದ ಛಾವಣಿ ಮಡಚಿದ ಸ್ಥಿತಿಯಲ್ಲಿ ಡಿಕ್ಕಿಯನ್ನು ತೆರೆದು, ತಾವು ನಿತ್ಯ ಒಯ್ಯುವ ಪೆಟ್ಟಿಗೆ ಅದರಲ್ಲಿ ಹಿಡಿಸುತ್ತದೆಯೇ ಎಂದು ಇಟ್ಟುನೋಡಬೇಕು. ಲೋಹದ ಛಾವಣಿಯ ಕಾರುಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು.

ಹಿಂಬದಿಯ ಆಸನಕ್ಕೆ ಹತ್ತಿ ಇಳಿಯುವ ಕಷ್ಟವನ್ನು ಕೊಳ್ಳುವವರೇ ಅನುಭವಿಸಿ ನೋಡಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕರೆದೊಯ್ದು ಕೂರಿಸುವುದು ಉತ್ತಮ. ಕೂಪೆಯ ಬಾಗಿಲು ಸೆಡಾನಿಗಿಂತ ಉದ್ದವಾದ್ದರಿಂದ ಇಕ್ಕಟ್ಟಾದ ನಿಲುಗಡೆಯಲ್ಲಿ ಪೂರ್ತಿ ತೆರೆಯುವುದಿಲ್ಲ. ಮನೆಯ ಗ್ಯಾರೇಜಿನ ಅಗಲವನ್ನು ಮೊದಲೇ ಅಳೆದಿಟ್ಟುಕೊಂಡರೆ ಆಮೇಲೆ ಪೇಚಾಡುವುದು ತಪ್ಪುತ್ತದೆ. ಛಾವಣಿ ಮುಚ್ಚಿದಾಗ ಹಿಂಬದಿಯ ಮೂಲೆಗಳು ಚಾಲಕನ ಕಣ್ಣಿಗೆ ಮರೆಯಾಗುವುದು ಈ ವರ್ಗದ ಸಾಮಾನ್ಯ ದೋಷ.

ಪರೀಕ್ಷಾ ಚಾಲನೆಯನ್ನು ಎರಡು ಬಾರಿ ಮಾಡಬೇಕು: ಛಾವಣಿ ಮುಚ್ಚಿ ಹೆದ್ದಾರಿಯಲ್ಲಿ, ತೆರೆದು ಕೆಟ್ಟ ರಸ್ತೆಯಲ್ಲಿ. ಮೊದಲನೆಯದರಲ್ಲಿ ಗಾಳಿಯ ಸದ್ದು ಎಷ್ಟು, ಸಹಪ್ರಯಾಣಿಕರೊಡನೆ ದನಿ ಏರಿಸದೆ ಮಾತನಾಡಬಹುದೇ ಎಂಬುದು ತಿಳಿಯುತ್ತದೆ. ಎರಡನೆಯದರಲ್ಲಿ ಕಾರಿನ ಒಡಲಿನ ಬಿಗಿ ತಿಳಿಯುತ್ತದೆ. ಛಾವಣಿ ಕತ್ತರಿಸಿದ ಒಡಲು ಸಹಜವಾಗಿಯೇ ಬಿಗಿ ಕಳೆದುಕೊಳ್ಳುತ್ತದೆ. ತಯಾರಕರು ಅಡಿಗಟ್ಟಿಗೆ ಹೆಚ್ಚುವರಿ ಉಕ್ಕು ಸೇರಿಸಿ ಅದನ್ನು ಭಾಗಶಃ ಸರಿದೂಗಿಸುತ್ತಾರೆ. ಅದರಿಂದ ಕಾರಿನ ತೂಕವೂ ಇಂಧನದ ಖರ್ಚೂ ಹೆಚ್ಚುತ್ತವೆ. ಗುಂಡಿಗಳ ಮೇಲೆ ಹೋಗುವಾಗ ಮುಂಗಾಜಿನ ಚೌಕಟ್ಟು, ಒಳಗನ್ನಡಿ, ಸ್ಟಿಯರಿಂಗ್ ಚಕ್ರಗಳು ನಡುಗಿದರೆ ಅದು ಬಿಗಿಯ ಕೊರತೆಯ ಲಕ್ಷಣ. ಅಲ್ಪ ನಡುಕ ಈ ವರ್ಗಕ್ಕೆ ಸಹಜ. ಒಂದೇ ಮಾದರಿಯ ಇನ್ನೊಂದು ಕಾರಿಗಿಂತ ಹೆಚ್ಚು ನಡುಗುವುದು ಹಳೆಯ ಅಪಘಾತದ ಇಲ್ಲವೇ ತುಕ್ಕಿನ ಸೂಚನೆಯಾಗಿರಬಹುದು. ಆದುದರಿಂದ ಒಂದೇ ಮಾದರಿಯ ಕನಿಷ್ಠ ಎರಡು ಕಾರುಗಳನ್ನು ಓಡಿಸಿ ನೋಡದೆ ನಿರ್ಧಾರ ಕೈಗೊಳ್ಳಬಾರದು.

ಕಾಗದಪತ್ರಗಳ ಬಲ

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1985ರಲ್ಲಿ ಜಾರಿಗೊಳಿಸಿದ ನಿಯಮದ ಪ್ರಕಾರ ಬಳಸಿದ ಕಾರಿನ ವ್ಯಾಪಾರಿಗಳು ಪ್ರತಿಯೊಂದು ಕಾರಿಗೂ ಖರೀದಿದಾರರ ಮಾಹಿತಿಪತ್ರವನ್ನು ಅಂಟಿಸಬೇಕು. ಕಾರಿಗೆ ಖಾತರಿ ಇದೆಯೇ ಅಥವಾ ಇದ್ದ ಸ್ಥಿತಿಯಲ್ಲಿಯೇ ಮಾರಲಾಗುತ್ತಿದೆಯೇ ಎಂಬುದು ಅದರಲ್ಲಿ ನಮೂದಾಗಿರುತ್ತದೆ. ಇದ್ದ ಸ್ಥಿತಿಯಲ್ಲಿ ಮಾರಾಟ ಎಂದಿದ್ದರೆ ವ್ಯಾಪಾರಿಯ ಬಾಯಿಮಾತಿನ ಭರವಸೆಗಳನ್ನು ನಂಬಿಕೊಳ್ಳುವಂತಿಲ್ಲ. ಖಾಸಗಿ ವ್ಯಕ್ತಿಗಳ ಮಾರಾಟಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.

ಮೈಲಿಮಾಪಕದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಒಡೆತನ ವರ್ಗಾಯಿಸುವಾಗ ಓಡಿದ ಮೈಲಿಯನ್ನು ಲಿಖಿತವಾಗಿ ಘೋಷಿಸುವುದು ಅಲ್ಲಿನ ಕಾನೂನಿನಂತೆ ಕಡ್ಡಾಯ. ಆದರೆ 2010 ಮತ್ತು ಅದಕ್ಕೂ ಹಿಂದಿನ ಮಾದರಿಯ ಕಾರುಗಳಿಗೆ ಹತ್ತು ವರ್ಷ ತುಂಬಿದ ಮೇಲೆ ಈ ನಿರ್ಬಂಧದಿಂದ ವಿನಾಯಿತಿ ಇದೆ; 2011ರಿಂದೀಚಿನ ಮಾದರಿಗಳಿಗೆ ಈ ಅವಧಿ ಇಪ್ಪತ್ತು ವರ್ಷ. ಸೊಲಾರಾ, ಸೆಬ್ರಿಂಗ್, ಜಿ6 ಮೂರೂ ವಿನಾಯಿತಿಯ ಪಟ್ಟಿಗೆ ಸೇರುತ್ತವೆ. ಅಂದರೆ ದರದ ಮಾರ್ಗದರ್ಶಿಯು ಆಧರಿಸುವ ಮೈಲಿಯ ಅಂಕಿಗೇ ಈ ಕಾರುಗಳಲ್ಲಿ ಕಾನೂನಿನ ಬೆಂಬಲ ಕ್ಷೀಣ. ಸೇವಾ ರಸೀದಿಗಳ ಮೇಲಿನ ದಿನಾಂಕ ಮತ್ತು ಮೈಲಿಗಳನ್ನು ಸಾಲಾಗಿ ಹೊಂದಿಸಿ ನೋಡುವುದೊಂದೇ ಮಾರ್ಗ.

ನೆರೆಯಲ್ಲಿ ಮುಳುಗಿದ ಕಾರುಗಳು ಇನ್ನೊಂದು ಅಪಾಯ. 2005ರ ಕತ್ರಿನಾ, 2017ರ ಹಾರ್ವಿ ಚಂಡಮಾರುತಗಳ ಅನಂತರ ನೀರು ಕಂಡ ಕಾರುಗಳು ತೊಳೆದು ಒಣಗಿ ಬೇರೆ ರಾಜ್ಯಗಳ ಮಾರುಕಟ್ಟೆಗೆ ಬಂದದ್ದುಂಟು. ವಿಮಾ ಕಂಪನಿ ಗುಜರಿಯೆಂದು ಘೋಷಿಸಿದ ಕಾರುಗಳ ವಿವರ ರಾಷ್ಟ್ರೀಯ ವಾಹನ ಒಡೆತನ ಮಾಹಿತಿ ವ್ಯವಸ್ಥೆಯಲ್ಲಿ ಅಲ್ಪ ಶುಲ್ಕಕ್ಕೆ ದೊರೆಯುತ್ತದೆ. ಕಾರಿನ 17 ಅಕ್ಷರಾಂಕಗಳ ಗುರುತು ಸಂಖ್ಯೆಯನ್ನು ಹೆದ್ದಾರಿ ಸುರಕ್ಷತಾ ಆಡಳಿತಕ್ಕೆ ನೀಡಿದರೆ, ತಯಾರಕರು ಹಿಂದಕ್ಕೆ ಕರೆದು ಸರಿಪಡಿಸಬೇಕಾದ ದೋಷ ಬಾಕಿಯಿದೆಯೇ ಎಂಬುದು ಉಚಿತವಾಗಿ ತಿಳಿಯುತ್ತದೆ. ಟಕಾಟಾ ಕಂಪನಿಯ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ಅಮೆರಿಕದಲ್ಲಿ ಹಿಂಪಡೆತಕ್ಕೆ ಒಳಗಾಗಿರುವಾಗ ಹಳೆಯ ಕಾರಿನ ಮಟ್ಟಿಗೆ ಇದು ಪ್ರಾಣರಕ್ಷಣೆಯ ಪ್ರಶ್ನೆ.

ವರ್ಷಕ್ಕೆಷ್ಟು ಬಿತ್ತು?

ಕೊಂಡ ಬೆಲೆಯೇ ಖರ್ಚಲ್ಲ. ಕೊಂಡ ಬೆಲೆಗೆ ದುರಸ್ತಿಯನ್ನು ಕೂಡಿಸಿ, ಮುಂದೆ ಮಾರಿದಾಗ ಬರುವ ಹಣವನ್ನು ಕಳೆದು, ಬಳಸಿದ ವರ್ಷಗಳಿಂದ ಭಾಗಿಸಿದರೆ ದೊರೆಯುವುದೇ ನಿಜವಾದ ವಾರ್ಷಿಕ ಖರ್ಚು. ಲೆಕ್ಕದ ಅನುಕೂಲಕ್ಕಾಗಿ ಒಂದೇ ಮಾದರಿಯ, ಒಂದೇ ಮೈಲಿಯ ಎರಡು ಕನ್ವರ್ಟಿಬಲ್‌ಗಳಿವೆಯೆಂದು ಭಾವಿಸೋಣ. ಮೊದಲನೆಯದು 6,000 ಡಾಲರ್. ಛಾವಣಿಗೆ 2,500, ಟೈಮಿಂಗ್ ಬೆಲ್ಟಿಗೆ 1,000 ಡಾಲರ್ ತಗಲುತ್ತದೆ. ಎರಡನೆಯದು 8,000 ಡಾಲರ್. ಎರಡೂ ಕೆಲಸಗಳು ಮುಗಿದಿವೆ. ನಾಲ್ಕು ವರ್ಷಗಳ ಬಳಿಕ ಎರಡೂ 4,000 ಡಾಲರಿಗೆ ಮಾರಾಟವಾದವೆಂದರೆ, ಮೊದಲನೆಯದರ ವಾರ್ಷಿಕ ಖರ್ಚು 1,375 ಡಾಲರ್. ಎರಡನೆಯದರದು 1,000 ಡಾಲರ್. 2,000 ಡಾಲರ್ ಅಗ್ಗವೆಂದು ಕಂಡದ್ದು ಒಟ್ಟಿನಲ್ಲಿ 1,500 ಡಾಲರ್ ದುಬಾರಿಯಾಯಿತು. ಇಂಧನ, ವಿಮೆ, ನೋಂದಣಿ ಎರಡಕ್ಕೂ ಸಮಾನವೆಂದು ಇಲ್ಲಿ ಬಿಡಲಾಗಿದೆ.

ಕೊಳ್ಳುವ ಕಾಲವೂ ಮುಖ್ಯ. ವಸಂತದಲ್ಲಿ ಎಲ್ಲರಿಗೂ ತೆರೆದ ಕಾರು ಬೇಕು. ಚಳಿಗಾಲದ ಹೊಸ್ತಿಲಲ್ಲಿ, ಷೆಡ್ಡಿನ ಜಾಗಕ್ಕಾಗಿ ಮಾರುವವರು ಹೆಚ್ಚಿದಾಗ, ಚೌಕಾಸಿಗೆ ಅವಕಾಶ ಅಧಿಕ. ಇಡೀ ಮಾರುಕಟ್ಟೆಯ ಏರಿಳಿತಗಳನ್ನೂ ಗಮನಿಸಬೇಕು. ಚಿಪ್‌ಗಳ ಕೊರತೆಯಿಂದ ಹೊಸ ಕಾರುಗಳ ತಯಾರಿಕೆ ಕುಂಠಿತಗೊಂಡಾಗ, 2021ರ ಜೂನ್‌ನಲ್ಲಿ ಅಮೆರಿಕದ ಬಳಸಿದ ಕಾರುಗಳ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 45ರಷ್ಟು ಏರಿತ್ತು. ಅಂತಹ ಸಮಯದಲ್ಲಿ ಕೊಂಡವರಿಗೆ ಕಾರಿನ ಗುಣ ಎಷ್ಟೇ ಒಳ್ಳೆಯದಿದ್ದರೂ ಲೆಕ್ಕ ಸರಿದೂಗುವುದು ಕಷ್ಟ.

ಕನ್ನಡಿಗ ಖರೀದಿದಾರರಿಗೆ

ಉದ್ಯೋಗ, ವ್ಯಾಸಂಗಗಳ ನಿಮಿತ್ತ ಅಮೆರಿಕಕ್ಕೆ ತೆರಳುವ ಕನ್ನಡಿಗರಲ್ಲಿ ಅನೇಕರ ಮೊದಲ ಕಾರು ಬಳಸಿದ ಕಾರೇ. ಕ್ಯಾಮ್ರಿಯ ಹೆಸರು ಅವರಿಗೆ ಹೊಸತಲ್ಲ. 2013ರಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಆರಂಭವಾಗಿತ್ತು. ಆ ಹೆಸರಿನ ಮೇಲಿನ ವಿಶ್ವಾಸವು ಸೊಲಾರಾದ ಎಂಜಿನ್ನಿಗೆ ಸಲ್ಲುತ್ತದೆ, ಛಾವಣಿಗೆ ಸಲ್ಲುವುದಿಲ್ಲ ಎಂಬುದನ್ನು ಅವರು ನೆನಪಿಡಬೇಕು. ಹಿಂದಿರುಗುವಾಗ ಜೊತೆಗೆ ತರಬಹುದೆಂಬ ಆಲೋಚನೆಯೂ ಬೇಡ. ಮೂರು ವರ್ಷಕ್ಕಿಂತ ಹಳೆಯದಾದ ಅಥವಾ ಎಡಬದಿಯ ಸ್ಟಿಯರಿಂಗ್ ಉಳ್ಳ ಬಳಸಿದ ಕಾರುಗಳ ಸಾಮಾನ್ಯ ಆಮದಿಗೆ ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ಅವಕಾಶವಿಲ್ಲ. ಕೊಂಡ ಕಾರನ್ನು ಅಲ್ಲಿಯೇ ಮಾರಿ ಬರಬೇಕಾದ್ದರಿಂದ ಮರುಮಾರಾಟದ ಬೆಲೆ ಅವರ ಲೆಕ್ಕದಲ್ಲಿ ಮೊದಲ ದಿನವೇ ಸೇರಬೇಕು. ನಿಗದಿತ ಅವಧಿಗೆ ಹೋದವರಿಗೆ ಸ್ಥಿರ ಛಾವಣಿಯ ಕೂಪೆ ಲೇಸು. ದೀರ್ಘಕಾಲ ನೆಲೆಸುವವರು, ಮನೆಯಲ್ಲಿ ಇನ್ನೊಂದು ಕಾರು ಉಳ್ಳವರು, ಮುಚ್ಚಿದ ಗ್ಯಾರೇಜು ಇರುವವರು ಕನ್ವರ್ಟಿಬಲ್ ಯೋಚಿಸಬಹುದು.

ಹೊಸ ಕನ್ವರ್ಟಿಬಲ್ ಕೊಂಡ ಮೊದಲ ಒಡೆಯ ತನ್ನ ಹಂಬಲದ ಬೆಲೆಯನ್ನು ಅಂದೇ ತೆತ್ತಿದ್ದಾನೆ. ಸವಕಳಿಯ ಬಹುಪಾಲು ಅವನ ಲೆಕ್ಕಕ್ಕೆ ಹೋಗಿದೆ. ಎರಡನೆಯ ಒಡೆಯನ ಪಾಲಿಗೆ ಉಳಿಯುವುದು ಬಳಕೆಯ ಸುಖ. ಮೊದಲಿನವನು ಮಾಡಿಸದೆ ಬಿಟ್ಟ ದುರಸ್ತಿಯ ಬಾಕಿ ಅದರೊಡನೆ ಬಾರದಂತೆ ನೋಡಿಕೊಳ್ಳುವುದಷ್ಟೇ ಅವನ ಕೆಲಸ. ಆ ಬಾಕಿ ಎಷ್ಟೆಂಬುದು ಮೈಲಿಮಾಪಕದಲ್ಲಿ ಬರೆದಿರುವುದಿಲ್ಲ. ಆದುದರಿಂದ ಛಾವಣಿ ಎರಡು ಬಾರಿ ಸರಾಗವಾಗಿ ತೆರೆದು ಮುಚ್ಚಿ, ನೆಲಹಾಸಿನ ಅಡಿ ಒಣಗಿರುವುದು ಖಚಿತವಾಗುವವರೆಗೆ ದರದ ಮಾತನ್ನು ಎತ್ತದಿರುವುದೇ ಜಾಣತನ.